ತುಳಸಜ್ಜಿ ಬಿತ್ತಿದ ಬೀಜ ಮೊಳೀತಿತ್ತು, ನಾವು ಬಿತ್ತಿದ್ದು ಯಾಕೆ ಮೊಳೆಯಲ್ಲ?

ಅಂಕೋಲಾ: ಮಳೆ ಶುರುವಾದರೆ ಸಾಕು, ಕಾರವಾರ-ಅಂಕೋಲಾ ಕಡೆ ಗಿಡ ನೆಡುವ ಫೋಟೊಗಳಿಗೆ ಬರ ಇಲ್ಲ. ಅಂಗಡಿ ಎದುರು, ಶಾಲೆ ಅಂಗಳದಲ್ಲಿ, ರಸ್ತೆ ಬದಿ ನೆಟ್ಟಿದ್ದೇ ನೆಟ್ಟಿದ್ದು. ದೀಪಾವಳಿ ಹೊತ್ತಿಗೆ ನೋಡಿದರೆ ಅರ್ಧಕ್ಕರ್ಧ ಒಣಗಿ ಕಡ್ಡಿ. ಬೀಜ ತಂದು ಬಿತ್ತಿದವರ ಕಥೆ ಇನ್ನೂ ಬೇಸರ, ಮೊಳಕೆಯೇ ಕಾಣಲ್ಲ.

ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಕೈಯಲ್ಲಿ ಮಾತ್ರ ಹಾಗಾಗುತ್ತಿರಲಿಲ್ಲ. 'ಅವರ ಕೈಗುಣ' ಅಂತ ಜನ ಹೇಳಿ ಮುಗಿಸುತ್ತಾರೆ. ಆದರೆ ಅದು ಕೈಗುಣ ಅಲ್ಲ, ಕಲಿತ ಕೆಲಸ. ಅದನ್ನು ಕಲಿಯೋಕೆ ಅವರಿಗೆ ಒಂದು ಆಯುಷ್ಯವೇ ಬೇಕಾಯಿತು.

ಹಾಲಕ್ಕಿ ಒಕ್ಕಲಿಗ ಸಮುದಾಯದ ತುಳಸಿ ಗೌಡ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಜೊತೆ ಅರಣ್ಯ ಇಲಾಖೆ ನರ್ಸರಿಗೆ ಕೂಲಿಗೆ ಹೋದ ಹುಡುಗಿ ಅಲ್ಲೇ ಉಳಿದರು. ಮೂರು ದಶಕಕ್ಕೂ ಹೆಚ್ಚು ಕಾಲ ದಿನಗೂಲಿ, ಆಮೇಲೆ ಕಾಯಂ. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 1999ರಲ್ಲಿ ರಾಜ್ಯೋತ್ಸವ, 2020ರ ಪಟ್ಟಿಯಲ್ಲಿ ಪದ್ಮಶ್ರೀ. 2021ರ ನವೆಂಬರ್‌ನಲ್ಲಿ ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿಗಳಿಂದ ಪ್ರಶಸ್ತಿ ತೆಗೆದುಕೊಂಡ ಫೋಟೊ ಎಲ್ಲರ ಮೊಬೈಲ್‌ನಲ್ಲೂ ಓಡಾಡಿತ್ತು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ನೆಟ್ಟ ಗಿಡ ಎಷ್ಟು ಎಂಬ ಲೆಕ್ಕ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಆದರೆ ಅವರ ಹೆಚ್ಚುಗಾರಿಕೆ ಇರುವುದು ಆ ಲೆಕ್ಕದಲ್ಲಿ ಅಲ್ಲ, ಬೀಜದಲ್ಲಿ.

ಮೊದಲ ಪಾಠ ತಾಯಿಮರದ್ದು. ಕಾಡಲ್ಲಿ ಒಂದೇ ಜಾತಿಯ ನೂರು ಮರ ಇದ್ದರೂ ಬೀಜಕ್ಕೆ ಎಲ್ಲವೂ ಆಗಲ್ಲ. ನೆಟ್ಟಗೆ ಬೆಳೆದ, ರೋಗ ಇಲ್ಲದ, ಪ್ರಾಯದ ಮರ ಬೇಕು. ಸುತ್ತ ಅದೇ ಜಾತಿಯ ಬೇರೆ ಮರಗಳೂ ಇರಬೇಕು, ಒಂಟಿ ಮರದ ಬೀಜ ಸಾಮಾನ್ಯವಾಗಿ ಸಪ್ಪೆ. ಕಾಡಿನಲ್ಲಿ ಯಾವ ಜಾತಿಯ ತಾಯಿಮರವನ್ನಾದರೂ ಗುರುತಿಸುತ್ತಾರೆ ಎಂಬ ಹೆಸರು ತುಳಸಿ ಗೌಡರಿಗಿತ್ತು. ಮೊಳಕೆ ಬರಲು ಬೀಜ ಯಾವಾಗ ಹದವಾಗಿರುತ್ತದೆ ಅನ್ನುವುದೂ ಅವರಿಗೆ ಗೊತ್ತಿತ್ತು. ಬೇಗ ಕಿತ್ತರೆ ಎಳಸು, ತಡ ಮಾಡಿದರೆ ಹುಳದ ಪಾಲು.

ಎರಡನೇದು ಇನ್ನೂ ಕಷ್ಟ. ಒಂದೊಂದು ಬೀಜದ ಹಟ ಒಂದೊಂದು ಥರ. ಸಾಗವಾನಿ ಕಾಯಿಯ ಸಿಪ್ಪೆ ಗಟ್ಟಿ. ರಾತ್ರಿ ನೀರಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರವಿ, ಹೀಗೆ ಒಂದೆರಡು ವಾರ ಮಾಡಿದರೆ ಮೆತ್ತಗಾಗುತ್ತದೆ. ಅಷ್ಟು ಮಾಡಿದರೂ ಕೆಲವು ಮುಂದಿನ ವರ್ಷವೇ ಕಣ್ಣು ಬಿಡೋದು. ಅಕೇಸಿಯಾ ಬೀಜಕ್ಕೆ ಬಿಸಿ ನೀರು ಬೇಕು. ಗಾಳಿಮರದ ಬೀಜ ಧೂಳಿನಷ್ಟು ಹಗುರ, ಮಡಿಗೆ ಹಾಕಿ ಆಚೆ ತಿರುಗಿದರೆ ಇರುವೆ ಹೊತ್ತುಕೊಂಡು ಹೋಗುತ್ತದೆ. ನೇರಳೆ, ಹಲಸು ಪೂರಾ ಉಲ್ಟಾ. ಇವು ಒಣಗಿದರೆ ಸತ್ತವು, ಹಣ್ಣು ತಿಂದ ಕೂಡಲೇ ಮಣ್ಣಿಗೆ ಹೋಗಬೇಕು.

ಮಾವಿನ ಗೊರಟೂ ಹಾಗೇ. 2023ರಲ್ಲಿ ಜಿಐ ಟ್ಯಾಗ್ ಸಿಕ್ಕ ಕರಿ ಇಷಾಡ ತಿಂದು ಗೊರಟನ್ನು ತಿಂಗಳುಗಟ್ಟಲೆ ಬಿಸಿಲಲ್ಲಿಟ್ಟು 'ಮೊಳಕೆ ಬರಲಿಲ್ಲ' ಅಂದರೆ ತಪ್ಪು ಗೊರಟಿನದ್ದಲ್ಲ. (ಅದೇ ರುಚಿಯ ಹಣ್ಣು ಬೇಕಿದ್ದರೆ ಕಸಿ ಗಿಡವೇ ಗ್ಯಾರಂಟಿ, ಅದು ಬೇರೆ ಮಾತು.)

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಟೇಲರ್ ಕತ್ತರಿ ತಪ್ಪಿದರೆ ನಾಳೆ ಇನ್ನೊಂದು ಬಟ್ಟೆ ಬರುತ್ತದೆ. ಹೋಟೆಲಿನವನ ದೋಸೆ ಸೀದರೆ ಮುಂದಿನ ದೋಸೆಯಲ್ಲೇ ಸರಿ ಮಾಡಬಹುದು. ದಿನಕ್ಕೆ ನೂರು ಸಲ ಕಲಿಯುವ ಅವಕಾಶ. ಹೆಚ್ಚಿನ ಕಾಡು ಮರಗಳು ಬೀಜ ಕೊಡುವುದು ವರ್ಷಕ್ಕೊಮ್ಮೆ. ಬೀಟೆ ಬೀಜ ಈ ಬೇಸಿಗೆ ಕೆಟ್ಟರೆ ಮುಂದಿನ ಪ್ರಯೋಗ ಮುಂದಿನ ಬೇಸಿಗೆಗೆ. ಅಂದರೆ 30 ವರ್ಷ ನರ್ಸರಿಯಲ್ಲಿದ್ದವರಿಗೂ ಒಂದು ಜಾತಿ ಮೇಲೆ ಸಿಗೋದು ಬರೀ 30 ಅವಕಾಶ! ಅದರಲ್ಲಿ ಕೆಲವು ವರ್ಷ ಮಳೆ ಕೈಕೊಡುತ್ತೆ, ಕೆಲವು ವರ್ಷ ಮರವೇ ಕಾಯಿ ಬಿಡಲ್ಲ. ಹೋದ ವರ್ಷದ ತಪ್ಪನ್ನು ಕಾಗದ ಪೆನ್ನು ಇಲ್ಲದೇ ನೆನಪಿಟ್ಟು, ಈ ವರ್ಷ ಬೇರೆ ಥರ ಮಾಡಿ ನೋಡಬೇಕು. ಅದೂ ನೂರಾರು ಜಾತಿಗೆ.

ಅದಕ್ಕೇ ಈ ಕೆಲಸದಲ್ಲಿ ಆರು ತಿಂಗಳಿಗೊಮ್ಮೆ ಆಳು ಬದಲಾದರೆ ಏನೂ ಉಳಿಯಲ್ಲ. ಒಂದೇ ಜಾಗದಲ್ಲಿ, ಅದೇ ಕಾಡಿನ ಪಕ್ಕ ಇಡೀ ಆಯುಷ್ಯ ಕಳೆದಿದ್ದೇ ತುಳಸಿ ಗೌಡರ ವಿದ್ಯೆಯ ಬಂಡವಾಳ. ಬೇಸರದ ಸಂಗತಿ ಎಂದರೆ, ಅಷ್ಟು ಕಲಿತವರ ಸಂಬಳ ಪಟ್ಟಿಯಲ್ಲಿ ದಶಕಗಳ ಕಾಲ ಇದ್ದದ್ದು 'ದಿನಗೂಲಿ' ಅನ್ನುವ ಒಂದೇ ಪದ.

ತುಳಸಿ ಗೌಡರು ಹೋಗಿ ಎರಡು ತಿಂಗಳಿಗೆ, 2025ರ ಫೆಬ್ರುವರಿಯಲ್ಲಿ, ಬಡಿಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಸುಕ್ರಜ್ಜಿಯ ಹಾಡನ್ನು ರೆಕಾರ್ಡ್ ಮಾಡಿ ಇಡಬಹುದು. ಬೀಜ ಮುಟ್ಟಿ ಹದ ಹೇಳುವ ಬೆರಳನ್ನು ಹೇಗೆ ರೆಕಾರ್ಡ್ ಮಾಡೋದು? ಪಕ್ಕದಲ್ಲಿ ಕೂತು ನಾಲ್ಕಾರು ಮಳೆಗಾಲ ಕೆಲಸ ಮಾಡಿದವರಿಗಷ್ಟೇ ಅದು ದಾಟುತ್ತದೆ. ಅಂಥ ಹೆಂಗಸರು ನಮ್ಮ ಹಾಲಕ್ಕಿ ಕೊಪ್ಪಗಳಲ್ಲಿ, ನರ್ಸರಿಗಳಲ್ಲಿ ಈಗಲೂ ಇದ್ದಾರೆ. ಗಿಡ ತರಲು ಹೋದಾಗ ಸಾಹೇಬರನ್ನು ಕೇಳುವ ಬದಲು ಅವರನ್ನು ಕೇಳಿ ನೋಡಿ.

ಈ ಸಲ ಗಿಡ ತರುವವರಿಗೆ ಇಷ್ಟು: ಉದ್ದ ಕಂಡಿತೆಂದು ಆರಿಸಬೇಡಿ, ಬುಡ ದಪ್ಪಗಿರುವುದನ್ನು ನೋಡಿ. ಪ್ಲಾಸ್ಟಿಕ್ ಚೀಲ ಸೀಳಿ ತೆಗೆದೇ ನೆಡಿ, ಒಳಗೆ ಬೇರು ಸುರುಳಿ ಸುತ್ತಿದ್ದರೆ ಬಿಡಿಸಿ. ನಮ್ಮ ಚಿರೆಕಲ್ಲು ನೆಲಕ್ಕೆ ಗುಂಡಿ ದೊಡ್ಡದೇ ಬೇಕು. ಬೀಜ ಬಿತ್ತುವವರು ಮೊದಲು ನೇರಳೆಯಿಂದ ಶುರು ಮಾಡಿ. ಹಣ್ಣು ತಿಂದ ದಿನವೇ ಬೀಜ ತೊಳೆದು, ಬೆರಳ ಗೆಣ್ಣಿನಷ್ಟು ಆಳಕ್ಕೆ ಹಾಕಿ. ನೀರು ನಿಲ್ಲದಂತೆ ನೋಡಿಕೊಂಡರೆ ಮೂರ್ನಾಲ್ಕು ವಾರದಲ್ಲಿ ಕೆಂಪನೆ ಚಿಗುರು ಕಾಣುತ್ತದೆ.