ಡಿಎನ್‌ಎಸ್ ಬದಲಿಸಿದರೆ ನೆಟ್ ಸ್ಪೀಡ್ ದುಪ್ಪಟ್ಟಾಗುತ್ತದೆಯೇ?

“ಫೋನಿನ ಸೆಟ್ಟಿಂಗ್‌ನಲ್ಲಿ ಈ ಡಿಎನ್‌ಎಸ್ ಹಾಕಿ, ನೆಟ್ ಸ್ಪೀಡ್ ಎರಡು ಪಟ್ಟು!” ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಸೊರಬ ತಾಲ್ಲೂಕಿನ ಉಳವಿಯಂಥ ಊರಲ್ಲಿ ಒಂದೆರಡು ಕಡ್ಡಿ ಸಿಗ್ನಲ್‌ನಲ್ಲೇ ವಿಡಿಯೋ ನೋಡುವವರಿಗೆ ಆಸೆಯಾಗುವುದು ಸಹಜ. ಆದರೆ ಇದು ನಿಜವೇ?

ವಿಡಿಯೋ ಬರುವುದು ಎಲ್ಲಿಂದ?

ಅಮೆರಿಕದಿಂದಲೇ ಬರಬೇಕಿಲ್ಲ. ಗಾಜಿನ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 14,000 ಕಿ.ಮೀ. ದೂರದ ಸರ್ವರ್‌ಗೆ ಒಮ್ಮೆ ಹೋಗಿಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕು, 350 ಕಿ.ಮೀ. ದೂರದ್ದಕ್ಕೆ 4 ಮಿಲಿಸೆಕೆಂಡ್ ಸಾಕು. ಅದಕ್ಕೇ ಕಂಪನಿಗಳು ಒಂದೇ ವಿಡಿಯೋದ ಪ್ರತಿಗಳನ್ನು ಹಲವು ನಗರಗಳಲ್ಲಿ ಇಡುತ್ತವೆ. ಈ ವ್ಯವಸ್ಥೆಯೇ ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಅಂದರೆ ಸಿಡಿಎನ್. 1998ರಲ್ಲಿ ಶುರುವಾದ ಅಕಾಮೈ ಇದರಲ್ಲಿ ಮೊದಲಿಗರಲ್ಲೊಂದು.

ಸರ್ವರ್ ಆರಿಸುವವರು ಯಾರು?

ಡಿಎನ್‌ಎಸ್ ಎಂದರೆ ತಾಣದ ಹೆಸರು ಹೇಳಿದರೆ ಅದರ ವಿಳಾಸ ಕೊಡುವ ವ್ಯವಸ್ಥೆ. ಹಲವು ಸಿಡಿಎನ್‌ಗಳು ಆ ಪ್ರಶ್ನೆ ಬಂದಾಗಲೇ ನಿಮಗೆ ಯಾವ ಸರ್ವರ್ ಎಂದು ತೀರ್ಮಾನಿಸುತ್ತವೆ. ನಕಾಶೆಯಲ್ಲಿ ಹತ್ತಿರ ಇದ್ದರೆ ಸಾಲದು. ದಾರಿ ಹೇಗಿದೆ, ಸರ್ವರ್ ಮೇಲೆ ಎಷ್ಟು ಹೊರೆಯಿದೆ ಎಂದೂ ನೋಡುತ್ತವೆ. ಕಾಡುದಾರಿಯಲ್ಲಿ ಪಕ್ಕದ ಊರಾದರೂ ಬಸ್ಸಿಗೆ ಸುತ್ತಿ ಹೋಗಬೇಕಾಗುತ್ತದಲ್ಲ, ಹಾಗೆ.

ಇಲ್ಲೊಂದು ತೊಡಕಿದೆ. ಸಿಡಿಎನ್‌ಗೆ ಸಾಮಾನ್ಯವಾಗಿ ಕಾಣುವುದು ನಿಮ್ಮ ಫೋನ್ ಅಲ್ಲ, ನಿಮ್ಮ ಪರವಾಗಿ ಕೇಳುವ ಡಿಎನ್‌ಎಸ್ ಸರ್ವರ್. ಅದು ಸಿಂಗಾಪುರದಲ್ಲಿದ್ದರೆ, ನೀವೂ ಅಲ್ಲೇ ಇದ್ದೀರೆಂದು ತಿಳಿದು ಅಲ್ಲಿನ ಸರ್ವರ್ ಕೊಡಬಹುದು. ಆಗ ವಿಡಿಯೋ ಇನ್ನೂ ನಿಧಾನ! ಈ ತೊಂದರೆ ತಪ್ಪಿಸಲು ಗೂಗಲ್‌ನ 8.8.8.8 ನಿಮ್ಮ ಐಪಿ ವಿಳಾಸದ ಒಂದು ಭಾಗವನ್ನು ಸಿಡಿಎನ್‌ಗೆ ತಿಳಿಸುತ್ತದೆ. ಕ್ಲೌಡ್‌ಫ್ಲೇರ್‌ನ 1.1.1.1 ಖಾಸಗಿತನದ ಕಾರಣಕ್ಕೆ ತಿಳಿಸುವುದಿಲ್ಲ.

ಹಾಗಾದರೆ ಬದಲಿಸಬೇಕೇ?

ನಿಮ್ಮ ನೆಟ್ ಕಂಪನಿಯ ಡಿಎನ್‌ಎಸ್ ಪದೇಪದೇ ಕೈಕೊಡುತ್ತಿದ್ದರೆ ಬದಲಿಸುವುದರಿಂದ ಪ್ರಯೋಜನವಿದೆ. ಪುಟಗಳು ತೆರೆಯಲು ಶುರುವಾಗುವುದು ಬೇಗ ಆಗಬಹುದು. ಆದರೆ ಟವರ್ ದೂರವಿದ್ದರೆ, ಸಂಜೆ ಎಲ್ಲರೂ ಒಂದೇ ಟವರ್ ಬಳಸುತ್ತಿದ್ದರೆ, ಯಾವ ಡಿಎನ್‌ಎಸ್ ಹಾಕಿದರೂ ಆ ಕೊನೆಯ ದಾರಿ ಅಗಲವಾಗುವುದಿಲ್ಲ.

ಅಪರಿಚಿತ ಡಿಎನ್‌ಎಸ್ ಮಾತ್ರ ಖಂಡಿತ ಬೇಡ. ನೀವು ಯಾವ ಯಾವ ತಾಣಕ್ಕೆ ಹೋಗುತ್ತೀರಿ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಬ್ಯಾಂಕಿನ ಹೆಸರು ಕೇಳಿದಾಗ ನಕಲಿ ತಾಣದ ವಿಳಾಸವನ್ನೂ ಕೊಡಬಹುದು. ಬ್ರೌಸರ್ ಎಚ್ಚರಿಕೆ ತೋರಿಸಿದರೆ ಮುಂದುವರಿಯಬೇಡಿ.

ಒಟ್ಟಿನಲ್ಲಿ, “ಸ್ಪೀಡ್ ದುಪ್ಪಟ್ಟು” ಎಂಬ ಮಾತು ದಾರಿತಪ್ಪಿಸುವಂಥದ್ದು. ಮತ್ತೆ ಆ ಮೆಸೇಜು ಬಂದರೆ ಮುಂದಕ್ಕೆ ಕಳಿಸದೆ, ಕಳಿಸಿದವರಿಗೆ ಇದನ್ನು ಕಳಿಸಿ.