ಹೊಟ್ಟೆ ಉಬ್ಬಿಸಿಕೊಂಡ ಬಲ್ಬು

ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನ ಎದುರು ದಡದಲ್ಲಿ ಬಿಡ್‌ಸ್ಟನ್ ಎಂಬ ಗುಡ್ಡವಿದೆ. 1771ರಲ್ಲಿ ಅದರ ಮೇಲೆ ದೀಪಸ್ತಂಭ ಎದ್ದಿತು. ಕಡಲು ಅಲ್ಲಿಂದ ಎರಡು ಮೈಲಿಗೂ ಹೆಚ್ಚು ದೂರ. ಬತ್ತಿ ಹೊತ್ತಿಸಿದ ಎಣ್ಣೆ ದೀಪದ ಬೆಳಕು ಅಷ್ಟು ದೂರ ದಾಟಿ, ಹಡಗಿನವರ ಕಣ್ಣಿಗೆ ಬೀಳಬೇಕಿತ್ತು. ಬಂದರಿನ ಅಧಿಕಾರಿ ವಿಲಿಯಂ ಹಚಿನ್‌ಸನ್ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ದೀಪದ ಹಿಂದೆ ಒಂದು ಬೋಗುಣಿ ಇಡುವುದು. ಬೋಗುಣಿ ಅಂದರೆ ಸಣ್ಣದಲ್ಲ, ಹದಿಮೂರು ಅಡಿಗೂ ಮಿಕ್ಕಿದ ಅಗಲ. ಒಳಮೈಗೆಲ್ಲ ಕನ್ನಡಿ ಚೂರುಗಳ ಹೊದಿಕೆ.

ಇವತ್ತು ಅಂಗಡಿಯ ಛಾವಣಿಯಲ್ಲಿ ಕೂತು ಕೆಳಗಿನ ಬಂಗಾರದ ಸರಕ್ಕೆ ಬೆಳಕು ಬಿಡುವ ಪುಟ್ಟ ದೀಪದಲ್ಲೂ ಬೋಗುಣಿಯಿದೆ. ಅದರ ಬಾಯಿ ಎರಡೇ ಇಂಚು. ಹದಿಮೂರು ಅಡಿಯಿಂದ ಎರಡು ಇಂಚಿಗೆ ಇಳಿದ ಈ ದಾರಿಯಲ್ಲಿ ಬದಲಾದದ್ದು ಬೋಗುಣಿ ಎನ್ನುವುದಕ್ಕಿಂತ ಅದರ ನಡುವೆ ಉರಿಯುವ ಬೆಂಕಿ.

ಬೋಗುಣಿಯ ಆಕಾರ ಪರವಲಯವಾಗಿದ್ದರೆ ಅದಕ್ಕೊಂದು ನಾಭಿ ಇರುತ್ತದೆ. ನಾಭಿಯಲ್ಲಿ ಹುಟ್ಟಿದ ಕಿರಣಗಳು ಕನ್ನಡಿಗೆ ಬಡಿದು ಒಂದಕ್ಕೊಂದು ಸಮಾನಾಂತರವಾಗಿ ಹೊರಡುತ್ತವೆ. ಪಿಯುಸಿ ಪುಸ್ತಕದ ಚಿತ್ರದಲ್ಲಿ ಇದು ಬಹಳ ಸೊಗಸು, ಏಕೆಂದರೆ ಅಲ್ಲಿ ದೀಪಕ್ಕೆ ಗಾತ್ರವೇ ಇಲ್ಲ, ಅದೊಂದು ಚುಕ್ಕಿ. ನಿಜವಾದ ಜ್ವಾಲೆಗೆ ಅಗಲ ಇದೆ, ಎತ್ತರ ಇದೆ. ನಾಭಿಯಿಂದ ತುಸು ಆಚೆ ಹುಟ್ಟಿದ ಕಿರಣ ತುಸು ಓರೆಯಾಗಿಯೇ ಹೊರಡುತ್ತದೆ. ಎಷ್ಟು ಓರೆ ಎಂಬುದಕ್ಕೆ ಒರಟಾದ ಲೆಕ್ಕವೊಂದಿದೆ: ದೀಪದ ಗಾತ್ರವನ್ನು ನಾಭಿದೂರದಿಂದ ಭಾಗಿಸಿ. ಕನ್ನಡಿಯಿಂದ ನಾಭಿ 25 ಮಿಲಿಮೀಟರ್ ದೂರದಲ್ಲಿದ್ದು, ಉರಿಯುವ ತಂತಿಯ ಸುರುಳಿ 10 ಮಿಲಿಮೀಟರ್ ಉದ್ದವಿದ್ದರೆ ಬೆಳಕು ಸುಮಾರು 23 ಡಿಗ್ರಿ ಹರಡುತ್ತದೆ. ಸುರುಳಿಯನ್ನು 4 ಮಿಲಿಮೀಟರಿಗೆ ಕುಗ್ಗಿಸಿದರೆ 9 ಡಿಗ್ರಿ. ಕನ್ನಡಿಯನ್ನು ಎಷ್ಟೇ ನಯವಾಗಿ ತಿಕ್ಕಿದರೂ ಈ ಹರಡುವಿಕೆಯನ್ನು ಕಡಿಮೆ ಮಾಡಲಾಗದು. ಒಂದೋ ಬೋಗುಣಿಯನ್ನು ಹಿಗ್ಗಿಸಬೇಕು, ಇಲ್ಲವೇ ಬೆಂಕಿಯನ್ನು ಕುಗ್ಗಿಸಬೇಕು. ಹಚಿನ್‌ಸನ್ ಕೈಯಲ್ಲಿ ಮೊದಲನೆಯದು ಮಾತ್ರ ಇತ್ತು.

ಎರಡನೆಯ ದಾರಿ ತೆರೆದದ್ದು ವಿದ್ಯುತ್ ಬಂದ ಮೇಲೆ. ಹಾಗೆಂದು ಬಲ್ಬು ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದಲ್ಲ. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಮೈಸೂರು ಲ್ಯಾಂಪ್ಸ್‌ನಂಥ ಸಾದಾ ಬಲ್ಬು ಬೆಳಕನ್ನು ಸುತ್ತಲೂ ಚೆಲ್ಲುತ್ತಿತ್ತು. ಅದರ ಹಿಂದೆ ಪ್ರತ್ಯೇಕವಾಗಿ ತಗಡಿನ ಬೋಗುಣಿ ಇಟ್ಟರೆ ಅದಕ್ಕೆ ಧೂಳು, ಹೊಗೆ, ತೇವ ಎಲ್ಲ ಹಿಡಿಯುತ್ತಿತ್ತು. ಹಳೆಯ ಕಾರುಗಳ ಹೆಡ್‌ಲೈಟು ವರ್ಷ ಕಳೆದಂತೆ ಮಂಕಾಗುತ್ತಿದ್ದದ್ದು ಬಹುಪಾಲು ಇದರಿಂದಲೇ. ಬೆಳ್ಳಿಯ ಲೇಪ ಕಪ್ಪಾಗಿ, ಗಾಜಿನ ಒಳಗೂ ಕೊಳೆ ಕೂರುತ್ತಿತ್ತು.

ಹಾಗಾದರೆ ಕನ್ನಡಿಯನ್ನು ಬಲ್ಬಿನ ಒಳಗೇ ಇಟ್ಟುಬಿಟ್ಟರೆ? 1930ರ ದಶಕದ ಅಮೆರಿಕದಲ್ಲಿ ಈ ಯೋಚನೆಯ ಹಿಂದೆ ಬಿದ್ದವರಲ್ಲಿ ಕ್ಲಾರೆನ್ಸ್ ಬರ್ಡ್ಸ್‌ಐ ಒಬ್ಬರು. ಹೆಸರು ಎಲ್ಲೋ ಕೇಳಿದಂತಿದ್ದರೆ ಆಶ್ಚರ್ಯವಿಲ್ಲ, ಬಟಾಣಿ, ಮೀನುಗಳನ್ನು ಹೆಪ್ಪುಗಟ್ಟಿಸಿ ಪೊಟ್ಟಣದಲ್ಲಿ ಮಾರುವ ಉದ್ಯಮವನ್ನು ಹುಟ್ಟುಹಾಕಿದವರೂ ಅವರೇ. ಗಾಜಿನ ಬುರುಡೆಯ ಹಿಂಭಾಗಕ್ಕೆ ಒಳಗಿನಿಂದಲೇ ಹೊಳೆಯುವ ಲೋಹ ಬಳಿದರೆ ಅದಕ್ಕೆ ಗಾಳಿ ತಾಗುವುದಿಲ್ಲ, ಕಿಲುಬು ಹಿಡಿಯುವುದಿಲ್ಲ. ಅದೇ ಹೊತ್ತಿಗೆ ದೂರದರ್ಶಕ ಕಟ್ಟುವವರು ಇನ್ನೊಂದು ವಿದ್ಯೆ ಕಲಿತಿದ್ದರು: ನಿರ್ವಾತದಲ್ಲಿ ಅಲ್ಯೂಮಿನಿಯಂ ಕಾಯಿಸಿ ಆವಿ ಮಾಡಿದರೆ ಅದು ಗಾಜಿನ ಮೇಲೆ ತೆಳ್ಳಗೆ, ಸಮನಾಗಿ ಕೂರುತ್ತದೆ. 1935ರಲ್ಲಿ ಜಾನ್ ಸ್ಟ್ರಾಂಗ್ ಹೀಗೆಯೇ ಮೌಂಟ್ ವಿಲ್ಸನ್ ವೀಕ್ಷಣಾಲಯದ ನೂರು ಇಂಚಿನ ಕನ್ನಡಿಗೆ ಅಲ್ಯೂಮಿನಿಯಂ ಬಳಿದರು. ಬೆಳ್ಳಿ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ ತೊಂಬತ್ತೈದರಷ್ಟನ್ನು ಮರಳಿಸುತ್ತದೆ, ಅಲ್ಯೂಮಿನಿಯಂ ತೊಂಬತ್ತಕ್ಕಿಂತ ತುಸು ಕಡಿಮೆ. ಆದರೂ ಅಗ್ಗ, ಬಾಳಿಕೆ ಹೆಚ್ಚು. ಬಹುಕಾಲ ಬಲ್ಬುಗಳ ಒಳಗೆ ಗೆದ್ದದ್ದು ಅದೇ.

ಇದರ ಬಲಿಷ್ಠ ರೂಪ ಪಾರ್ ದೀಪ. ಅಚ್ಚಿನಲ್ಲಿ ಒತ್ತಿದ ದಪ್ಪ ಗಾಜಿನ ಎರಡು ತುಂಡು: ಹಿಂದಿನದು ಅಲ್ಯೂಮಿನಿಯಂ ಬಳಿದ ಪರವಲಯ, ಮುಂದಿನದು ಗೀರುಗಳಿರುವ ಮುಖಗಾಜು. ನಡುವೆ ತಂತಿಯನ್ನು ನಾಭಿಯಲ್ಲಿ ಕರಾರುವಾಕ್ಕಾಗಿ ನಿಲ್ಲಿಸಿ, ಎರಡನ್ನೂ ಬೆಸೆದುಬಿಡುವುದು. ಬುರುಡೆ ಊದಿ ಮಾಡಿದ ಗಾಜಿನಲ್ಲಿ ಈ ಕರಾರು ಸಾಧ್ಯವಿರಲಿಲ್ಲ. 1940ರ ಮಾದರಿಯ ಅಮೆರಿಕದ ಕಾರುಗಳಿಗೆಲ್ಲ ಈ ಬಗೆಯ ಏಳು ಇಂಚಿನ ದುಂಡು ಹೆಡ್‌ಲೈಟು ಬಂತು. ಮುಂದೆ ಅಂಗಡಿ, ಅಂಗಳ, ನಾಟಕದ ರಂಗಕ್ಕೂ ಇದೇ ಹೋಯಿತು. ಪಾರ್ 38 ಎಂದರೆ ಬಾಯಿಯ ಅಗಲ ಒಂದು ಇಂಚಿನ ಎಂಟನೇ ಒಂದು ಭಾಗದ 38 ಪಟ್ಟು, ಅಂದರೆ ಕಾಲು ಕಡಿಮೆ ಐದು ಇಂಚು. ಇಂಥ ಅಳತೆಯನ್ನು ಯಾರು ಯಾಕೆ ಆರಿಸಿದರೋ, ಇಂದಿನ ಎಲ್‌ಇಡಿಗಳೂ ಅದನ್ನೇ ಹೊತ್ತುಕೊಂಡಿವೆ.

ಕನ್ನಡಿ ಸರಿಯಾಯಿತು. ಈಗ ಬೆಂಕಿ ಕುಗ್ಗಬೇಕು. ಟಂಗ್‌ಸ್ಟನ್ ತಂತಿಯನ್ನು ಚಿಕ್ಕದಾಗಿ, ಹೆಚ್ಚು ಬಿಸಿಯಾಗಿ ಉರಿಸಿದರೆ ಅದು ಬೇಗ ಆವಿಯಾಗಿ ಸವೆಯುತ್ತದೆ, ಗಾಜನ್ನು ಕಪ್ಪು ಮಾಡುತ್ತದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್ಮರ್ ಫ್ರಿಡ್ರಿಕ್ ಮತ್ತು ಎಮೆಟ್ ವೈಲಿ 1959ರಲ್ಲಿ ಪೇಟೆಂಟ್ ಪಡೆದ ದೀಪದಲ್ಲಿ ಒಂದಿಷ್ಟು ಅಯೋಡಿನ್ ಇತ್ತು. ಆವಿಯಾದ ಟಂಗ್‌ಸ್ಟನ್ ಗೋಡೆಗೆ ಅಂಟುವ ಮೊದಲೇ ಅಯೋಡಿನ್ ಅದರ ಜೊತೆ ಕೂಡಿಕೊಂಡು, ಮತ್ತೆ ಬಿಸಿ ತಂತಿಯ ಹತ್ತಿರ ಬಂದಾಗ ಲೋಹವನ್ನು ಅಲ್ಲೇ ಬಿಟ್ಟುಕೊಡುತ್ತದೆ. ಇದು ನಡೆಯಬೇಕಾದರೆ ಗೋಡೆ ಚೆನ್ನಾಗಿ ಕಾದಿರಬೇಕು, ಅಂದರೆ ತಂತಿಗೆ ಹತ್ತಿರವಿರಬೇಕು. ಹೀಗೆ ಬಲ್ಬು ಬೆರಳ ತುದಿಯಷ್ಟಾಯಿತು. ಹ್ಯಾಲೊಜನ್ ದೀಪ ಹೆಚ್ಚು ಬಾಳುತ್ತದೆ, ಹೆಚ್ಚು ಬೆಳ್ಳಗಿದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಅದು ಚಿಕ್ಕದು ಎನ್ನುವುದೇ. ಎರಡಿಂಚಿನ ಬೋಗುಣಿಯಲ್ಲಿ ಹದವಾದ ಬೆಳಕಿನ ಕೋಲು ಮಾಡಲು ಸಾಧ್ಯವಾದದ್ದು ಅದರಿಂದ.

ಆದರೆ ಬಿಸಿಯ ಗೋಳು ಹೋಗಲಿಲ್ಲ. ತಂತಿ ದೀಪಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ಕಣ್ಣಿಗೆ ಕಾಣುವ ಬೆಳಕಾಗುವುದು ನೂರಕ್ಕೆ ಹತ್ತರೊಳಗೆ. ಉಳಿದದ್ದರ ಬಹುಪಾಲು ಅವಕೆಂಪು ಕಿರಣ. ಬೋಗುಣಿಗೆ ಬೇಕಾದ್ದು ಬೇಡಾದ್ದು ಗೊತ್ತಾಗುವುದಿಲ್ಲ, ಬೆಳಕಿನ ಜೊತೆ ಬಿಸಿಯನ್ನೂ ಅದೇ ಜಾಗಕ್ಕೆ ಒಟ್ಟುಗೂಡಿಸಿ ಕಳಿಸುತ್ತದೆ. ಫಿಲ್ಮು ತೋರಿಸುವ ಪ್ರೊಜೆಕ್ಟರಿನಲ್ಲಿ ಇದು ಫಿಲ್ಮನ್ನೇ ಸುಡುತ್ತದೆ. 1960ರ ದಶಕದಲ್ಲಿ ಅದೇ ವೈಲಿ ರೂಪಿಸಿದ ದೀಪದ ಗಾಜಿನ ಬೋಗುಣಿಗೆ ಲೋಹದ ಬದಲು ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ಲೇಪಿಸಲಾಯಿತು. ಒಂದೊಂದು ಪದರದ ದಪ್ಪ ಬೆಳಕಿನ ತರಂಗದ ಕಾಲು ಭಾಗ. ಪದರ ಪದರದಿಂದ ಮರಳುವ ಅಲೆಗಳು ಒಂದಕ್ಕೊಂದು ಕೂಡಿದರೆ ಆ ಬಣ್ಣ ಪ್ರತಿಫಲಿಸುತ್ತದೆ, ಕಳೆದರೆ ಹಾದುಹೋಗುತ್ತದೆ. ದಪ್ಪವನ್ನು ಸರಿಯಾಗಿ ಆರಿಸಿದರೆ ಕಾಣುವ ಬೆಳಕು ಮುಂದಕ್ಕೆ ಬರುತ್ತದೆ, ಅವಕೆಂಪು ಬೋಗುಣಿಯನ್ನೇ ತೂರಿ ಹಿಂದಕ್ಕೆ ಹೋಗುತ್ತದೆ. ಎಂ.ಆರ್. 16 ಎಂಬ ಈ ದೀಪ ಸೀರೆ, ಒಡವೆ ಅಂಗಡಿಗಳಿಗೆಲ್ಲ ಬಂತು. ಅದರ ಬೆನ್ನಿನಿಂದ ನುಸುಳುವ ನಸುಗೆಂಪು, ನೇರಳೆ ಛಾಯೆ ನೋಡಿದ್ದವರು ಬಹಳ ಮಂದಿ. ಸೀರೆ ಬಚಾವಾಯಿತು, ಛಾವಣಿಯೊಳಗಿನ ವೈರು ಮಾತ್ರ ಕಾಯತೊಡಗಿತು.

ಬಿಸಿಯನ್ನು ಬೇರೆ ಕಡೆ ಕಳಿಸಿದರೆ ವಿದ್ಯುತ್ ಉಳಿಯುವುದಿಲ್ಲ. ಉಳಿಸುವ ಉಪಾಯ ಬಂದದ್ದು 1990ರ ಆಸುಪಾಸಿನಲ್ಲಿ, ಅದೇ ಪದರಗಳನ್ನು ತಿರುವುಮುರುವು ಮಾಡಿದಾಗ. ಈ ಸಲ ಲೇಪ ಬಿದ್ದದ್ದು ಬೋಗುಣಿಗಲ್ಲ, ಬೆರಳ ತುದಿಯಷ್ಟಿರುವ ಹ್ಯಾಲೊಜನ್ ಕೊಳವೆಯ ಹೊರಮೈಗೆ. ಅದು ಬೆಳಕನ್ನು ಹೊರಗೆ ಬಿಡುತ್ತದೆ, ಅವಕೆಂಪನ್ನು ಒಳಕ್ಕೆ, ಮತ್ತೆ ತಂತಿಯ ಮೇಲೆಯೇ ಅಟ್ಟುತ್ತದೆ. ಮುಚ್ಚಳ ಹಾಕಿದ ಪಾತ್ರೆ ಕಡಿಮೆ ಉರಿಯಲ್ಲೇ ಕುದಿಯುವ ಹಾಗೆ, ಮರಳಿ ಬಂದ ಬಿಸಿಯಿಂದ ತಂತಿ ಕಡಿಮೆ ವಿದ್ಯುತ್ತಿನಲ್ಲೇ ಅದೇ ಕಾವಿನಲ್ಲಿ ನಿಲ್ಲುತ್ತದೆ. ಕೇಳಲು ಸುಲಭ. ಮಾಡುವಾಗ ಕೊಳವೆ ದೀರ್ಘವೃತ್ತದ ಆಕಾರದಲ್ಲಿರಬೇಕು, ತಂತಿ ಸರಿಯಾಗಿ ಅದರ ನಟ್ಟನಡುವೆ ಇರಬೇಕು, ಹತ್ತಾರು ಪದರಗಳು ಕೆಂಡದಂಥ ಮೈಮೇಲೆ ಸಿಡಿಯದೆ ಸಾವಿರಾರು ಗಂಟೆ ಬಾಳಬೇಕು. ತಂತಿ ಒಂದು ಕೂದಲೆಳೆ ಪಕ್ಕಕ್ಕೆ ಸರಿದರೂ ಮರಳಿದ ಕಿರಣ ಗುರಿ ತಪ್ಪುತ್ತದೆ. ಇಷ್ಟೆಲ್ಲ ಪಾಡುಪಟ್ಟು ಉಳಿಸಿದ್ದು ಮೂರನೇ ಒಂದರಷ್ಟು ವಿದ್ಯುತ್ತು. ತಂತಿ ದೀಪದ ಇತಿಹಾಸದಲ್ಲಿ ಇದಕ್ಕಿಂತ ಜಾಣ ಕೆಲಸ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ.

ಈ ಜಾಣತನಕ್ಕೆ ಎದುರಾದ ಸ್ಪರ್ಧಿ ಇನ್ನೊಂದು ಬಲ್ಬಲ್ಲ, ಕಾನೂನಿನ ಒಂದು ಸಾಲು. ಅಮೆರಿಕ 1992ರ ಇಂಧನ ಕಾಯಿದೆಯಲ್ಲಿ ಪ್ರತಿಫಲಕ ಬಲ್ಬುಗಳಿಗೆ ಕನಿಷ್ಠ ದಕ್ಷತೆ ಗೊತ್ತುಮಾಡಿತು: ಬಲ್ಬು ಎಷ್ಟು ವಾಟ್‌ನದು ಎಂಬುದಕ್ಕೆ ತಕ್ಕಂತೆ ವಾಟ್‌ಗೆ 10.5ರಿಂದ 15 ಲುಮೆನ್. ಊದಿದ ಬುರುಡೆಯ ಒಳಗೆ ಲೋಹ ಬಳಿದ ಹಳೆಯ ಆರ್ ಬಲ್ಬುಗಳಿಗೆ ಇದು ಎಟುಕಲಿಲ್ಲ, ಹ್ಯಾಲೊಜನ್ ಪಾರ್ ದೀಪಕ್ಕೆ ಎಟುಕಿತು. ಉದ್ದೇಶವೂ ಅದೇ ಇತ್ತು. ಆದರೆ ಇ.ಆರ್. ಮತ್ತು ಬಿ.ಆರ್. ಎಂಬ ಎರಡು ಜಾತಿಗೆ ವಿನಾಯಿತಿ ಸಿಕ್ಕಿತ್ತು.

ಇ.ಆರ್.ಗೆ ಕೊಟ್ಟದ್ದು ನ್ಯಾಯವೇ. ಅದರ ಕನ್ನಡಿ ಪರವಲಯವಲ್ಲ, ದೀರ್ಘವೃತ್ತ. ದೀರ್ಘವೃತ್ತಕ್ಕೆ ಎರಡು ನಾಭಿ. ಒಂದರಲ್ಲಿ ಹುಟ್ಟಿದ ಬೆಳಕು ಇನ್ನೊಂದರಲ್ಲಿ ಕೂಡುತ್ತದೆ. ಇ.ಆರ್. ಬಲ್ಬಿನಲ್ಲಿ ಆ ಎರಡನೆಯ ನಾಭಿ ಮುಖದಿಂದ ಸುಮಾರು ಎರಡು ಇಂಚು ಮುಂದೆ. ಛಾವಣಿಯೊಳಗೆ ಹುದುಗಿಸಿದ ಆಳವಾದ ಡಬ್ಬಿಯಲ್ಲಿ ಮಾಮೂಲಿ ಬಲ್ಬಿನ ಬೆಳಕು ಡಬ್ಬಿಯ ಗೋಡೆಗೆ ಬಡಿದು ಸಾಯುತ್ತದೆ. ಇ.ಆರ್. ಬೆಳಕು ಡಬ್ಬಿಯ ಬಾಯಿಯ ಹತ್ತಿರ ಕೂಡಿಕೊಂಡು ಇಡಿಯಾಗಿ ಹೊರಬಂದು ಆಮೇಲೆ ಹರಡುತ್ತದೆ. ಅಂಥ ಡಬ್ಬಿಯಲ್ಲಿ 75 ವಾಟ್‌ನ ಇ.ಆರ್. 150 ವಾಟ್‌ನ ಆರ್ ಬಲ್ಬಿನ ಕೆಲಸ ಮಾಡುತ್ತದೆ ಎಂದು ಕಂಪನಿಗಳು ಹೇಳಿಕೊಳ್ಳುತ್ತಿದ್ದವು. ಪ್ರಯೋಗಾಲಯದಲ್ಲಿ ಬಲ್ಬನ್ನು ಬರಿದಾಗಿ ನೇತುಹಾಕಿ ಲುಮೆನ್ ಎಣಿಸಿದರೆ ಈ ಗುಣ ಕಾಣುವುದೇ ಇಲ್ಲ.

ಬಿ.ಆರ್. ಕತೆ ಬೇರೆ. ಆರ್ ಬಲ್ಬಿನ ಕತ್ತಿನ ಹತ್ತಿರ ತುಸು ಉಬ್ಬಿಸಿದರೆ ಅದು ಬಿ.ಆರ್. ಅಷ್ಟೇ. ಕಾಯಿದೆ ಬರೆಯುವಾಗ ಮಾರುಕಟ್ಟೆಯಲ್ಲಿ ಅದು ಲೆಕ್ಕಕ್ಕೇ ಇರಲಿಲ್ಲ. ನಿಯಮ ಜಾರಿಯಾದ ಮೇಲೆ ಎಲ್ಲೆಲ್ಲೂ ಅದೇ. ಹೊಟ್ಟೆ ಉಬ್ಬಿಸಿಕೊಂಡದ್ದಷ್ಟೇ, ಹಳೆಯ ಬಲ್ಬು ಹಳೆಯ ವಿದ್ಯುತ್ತನ್ನೇ ತಿನ್ನುತ್ತ ಅಂಗಡಿಯ ಕಪಾಟಿಗೆ ಮರಳಿತು. 2007ರ ತಿದ್ದುಪಡಿ ಈ ಕಿಂಡಿಯನ್ನು ಮುಚ್ಚಿತಾದರೂ 65 ವಾಟ್‌ನ ಬಿ.ಆರ್. 30ಕ್ಕೆ ಪುಟ್ಟ ತೂತೊಂದನ್ನು ಉಳಿಸಿತು. ಆ 65 ವಾಟ್‌ನದೇ ಮನೆಮನೆಯ ಬಲ್ಬಾಯಿತು ಎಂದು ಬೇರೆ ಹೇಳಬೇಕಿಲ್ಲ. ಅಷ್ಟು ವರ್ಷ ಅಗ್ಗದ ಉಬ್ಬು ಬಲ್ಬಿನ ಪಕ್ಕದಲ್ಲಿ ಕೂತ ಅವಕೆಂಪು ಮರಳಿಸುವ ದುಬಾರಿ ದೀಪವನ್ನು ಯಾರು ಕೊಳ್ಳುತ್ತಾರೆ?

ಯುರೋಪು 2012ರ ನಿಯಮದಲ್ಲಿ ಅಳತೆಯನ್ನೇ ಬದಲಿಸಿತು. ಬಲ್ಬಿನಿಂದ ಹೊರಟ ಬೆಳಕನ್ನೆಲ್ಲ ಎಣಿಸದೆ, ಸಾಮಾನ್ಯವಾಗಿ 90 ಡಿಗ್ರಿಯ ಶಂಕುವಿನೊಳಗೆ ಬಿದ್ದದ್ದನ್ನು ಮಾತ್ರ ಉಪಯುಕ್ತ ಬೆಳಕು ಎಂದು ಪರಿಗಣಿಸಿತು. ದಿಕ್ಕು ಕೊಡುವುದೇ ಕೆಲಸವಾದ ದೀಪವನ್ನು ಅಳೆಯಬೇಕಾದದ್ದು ಹಾಗೆಯೇ. ಬಿ.ಆರ್. ಬಲ್ಬಿನ ಪ್ರಹಸನ ನೋಡಿದ ಮೇಲೆ ಇದು ತಡವಾಗಿ ಬಂದ ಬುದ್ಧಿ ಎನಿಸುತ್ತದೆ. ಅಮೆರಿಕ 2022ರಲ್ಲಿ ಬಹುಪಾಲು ಪ್ರತಿಫಲಕ ಬಲ್ಬುಗಳನ್ನೂ ಸೇರಿಸಿ ವಾಟ್‌ಗೆ 45 ಲುಮೆನ್ ಎಂಬ ಗೆರೆ ಎಳೆದಾಗ ತಂತಿ ದೀಪದ ಕತೆಯೇ ಮುಗಿಯಿತು, ಉಬ್ಬಿದ್ದೂ ಉಬ್ಬದ್ದೂ.

ಎಲ್‌ಇಡಿ ಬಂದು ಆಟದ ನಿಯಮ ಬದಲಾಗಿದೆ. ಅದು ಚಪ್ಪಟೆ ಚಿಪ್, ಬೆಳಕು ಬಿಡುವುದು ಮುಂದಿನ ಅರ್ಧಗೋಳಕ್ಕೆ ಮಾತ್ರ. ಬೋಗುಣಿಯ ತಳದಲ್ಲಿ ಕೂರಿಸಿದರೆ ನಡುವಿನ ಬೆಳಕು ಕನ್ನಡಿಯನ್ನು ಮುಟ್ಟದೆಯೇ ಹರಡಿಕೊಂಡು ಹೊರಟುಹೋಗುತ್ತದೆ. ಅದಕ್ಕೇ ಈಗಿನ ಎಂ.ಆರ್. 16ರ ಒಳಗೆ ಇಣುಕಿದರೆ ಕನ್ನಡಿಯ ಬದಲು ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಲೋಟ ಕಾಣುತ್ತದೆ. ನಡುವಿನ ಕಿರಣಗಳನ್ನು ಅದರ ಮಸೂರ ಬಗ್ಗಿಸುತ್ತದೆ. ಪಕ್ಕದ ಕಿರಣಗಳು ಲೋಟದ ಗೋಡೆಯಲ್ಲಿ ಪೂರ್ಣ ಆಂತರಿಕ ಪ್ರತಿಫಲನವಾಗಿ ಮುಂದೆ ಬರುತ್ತವೆ. ಯಾವ ಲೋಹದ ಲೇಪವೂ ಬೇಡ. ಬೆಳಕಿನಲ್ಲಿ ಅವಕೆಂಪು ಇಲ್ಲ, ಹಾಗಾಗಿ ಮುಂದೆ ತಂಪು. ಬಿಸಿ ಚಿಪ್‌ನಲ್ಲೇ ಹುಟ್ಟಿ ಹಿಂದಿನ ಲೋಹದ ರೆಕ್ಕೆಗಳಿಗೆ ಇಳಿಯಬೇಕು. ಎರಡಿಂಚಿನ ದೇಹದಲ್ಲಿ ರೆಕ್ಕೆಗೆ ಜಾಗ ಎಷ್ಟಿದ್ದೀತು? ಹ್ಯಾಲೊಜನ್ನಿಗೆ ಬಿಸಿ ಬೇಕಿತ್ತು, ಎಲ್‌ಇಡಿಗೆ ಅದೇ ಶತ್ರು. ಫಾಲ್ಸ್ ಸೀಲಿಂಗಿನ ಗಾಳಿಯಾಡದ ಗೂಡಿನಲ್ಲಿ ಕೂರಿಸಿದ ಎಲ್‌ಇಡಿ ಹೇಳಿದ ಆಯುಷ್ಯ ಮುಟ್ಟದೆ ಸಾಯುವುದಕ್ಕೆ ಕಾರಣ ಬಹುಮಟ್ಟಿಗೆ ಇದೇ. ಹಳೆಯ 12 ವೋಲ್ಟಿನ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿಗೆ ಹೊಸ ದೀಪ ಸಿಕ್ಕಿಸಿದಾಗ ಮಿಣಮಿಣ ಎನ್ನುವುದು ಇನ್ನೊಂದು ತಾಪತ್ರಯ. ಅದು 50 ವಾಟ್ ಎಳೆಯುವ ಹ್ಯಾಲೊಜನ್ನಿಗಾಗಿ ಮಾಡಿದ್ದು, ಐದಾರು ವಾಟ್ ಎಳೆದರೆ ಅದಕ್ಕೆ ದೀಪ ಇದೆ ಎಂದೇ ತಿಳಿಯುವುದಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಇಂಥ ದೀಪದ ಪೊಟ್ಟಣದ ಮೇಲೆ ಲುಮೆನ್ ಜೊತೆಗೆ ಕಿರಣದ ಕೋನ ಮತ್ತು ಕ್ಯಾಂಡೆಲಾ ಬರೆದಿದೆಯೇ ನೋಡಿ. ಕ್ಯಾಂಡೆಲಾವನ್ನು ಮೀಟರಿನಲ್ಲಿರುವ ದೂರದ ವರ್ಗದಿಂದ ಭಾಗಿಸಿದರೆ ಕಿರಣದ ನಡುವೆ ಬೀಳುವ ಬೆಳಕು ಲಕ್ಸ್‌ನಲ್ಲಿ ಸಿಗುತ್ತದೆ. 900 ಕ್ಯಾಂಡೆಲಾದ ದೀಪ ಒಂದೂವರೆ ಮೀಟರ್ ಕೆಳಗಿನ ಅಡುಗೆ ಕಟ್ಟೆಗೆ 400 ಲಕ್ಸ್ ಕೊಡುತ್ತದೆ, ತರಕಾರಿ ಹೆಚ್ಚಲು ಧಾರಾಳ. ಅದೇ ದೀಪ ಮೂರು ಮೀಟರ್ ಎತ್ತರದಲ್ಲಿದ್ದರೆ 100 ಲಕ್ಸ್ ಮಾತ್ರ. ಆಗ ಹೆಚ್ಚು ವಾಟ್‌ನದನ್ನು ಕೇಳುವ ಮೊದಲು ಕೋನ ಚಿಕ್ಕದಿರುವುದನ್ನು ಕೇಳಿ.