ಹುಬ್ಬಳ್ಳಿ ವಿಮಾನದ ರೇಟು ಯಾರು ಇಡ್ತಾರೆ?

2025ರ ಡಿಸೆಂಬರ್ 3. ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ. ಬೀಗರು, ಬಂಧುಬಳಗ ಎಲ್ಲ ಬಂದಾಗಿದೆ. ಊಟ ರೆಡಿ ಇದೆ, ವೇದಿಕೆ ಸಿಂಗಾರ ಆಗಿದೆ. ಮದುಮಕ್ಕಳೇ ಇಲ್ಲ! ಅವರು ಭುವನೇಶ್ವರದಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಇಂಡಿಗೋ ವಿಮಾನ ರದ್ದಾಗಿತ್ತು. ಕೊನೆಗೆ ಹುಡುಗಿಯ ತಂದೆ ತಾಯಿ ವೇದಿಕೆಯ ಕುರ್ಚಿಯಲ್ಲಿ ಕೂತರು, ಮದುಮಕ್ಕಳು ಪರದೆ ಮೇಲೆ ಕಾಣಿಸಿಕೊಂಡು ಆಶೀರ್ವಾದ ತಗೊಂಡರು. ಎಲ್ಲ ಚಾನೆಲ್‌ಗಳೂ ಇದನ್ನ ತಮಾಷೆಯ ಸುದ್ದಿ ಥರ ತೋರಿಸಿದವು.

ತಮಾಷೆ ಅಲ್ಲ ಅದು. ಆ ವಾರ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಇಂಡಿಗೋ ತಯಾರಾಗಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ನಿಯಮ ಎಲ್ಲ ಕಂಪನಿಗಳಿಗೂ ಒಂದೇ ಇತ್ತು, ಆದರೆ ಒಂದು ಕಂಪನಿ ಎಡವಿದ್ದಕ್ಕೆ ಇಡೀ ದೇಶ ನಿಂತುಬಿಡ್ತು. ಯಾಕಂದ್ರೆ ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಜನ ಅದೇ ಕಂಪನಿಯ ವಿಮಾನದಲ್ಲಿ ಕೂರ್ತಾರೆ. ಉಳಿದ ಕಂಪನಿಗಳ ಟಿಕೆಟ್ ರೇಟು ಗಗನಕ್ಕೇರಿತು. ಸರ್ಕಾರವೇ ಮಧ್ಯೆ ಬಂದು 500 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ 7,500 ರೂಪಾಯಿಗಿಂತ ಹೆಚ್ಚು ತಗೋಬಾರದು ಅಂತ ಮಿತಿ ಹಾಕಬೇಕಾಯ್ತು.

ಗದಗದ ಮಗ್ಗುಲಿನ ಮಲ್ಲಸಮುದ್ರದ ವೀಕ್ಷಕರು ಕೇಳಬಹುದು: ‘ನಮಗೂ ವಿಮಾನಕ್ಕೂ ಏನ್ರಿ ಸಂಬಂಧ?’ ಸಂಬಂಧ ಇದೆ. ನಿಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಮಗ ದೆಹಲಿಯಲ್ಲಿದ್ದರೆ, ಮಗಳು ಪುಣೆಯಲ್ಲಿದ್ದರೆ, ತುರ್ತು ಅಂತ ಬಂದಾಗ ನೀವು ಸುಮಾರು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೇ ಹೋಗಬೇಕು. ಗದಗ–ಹುಬ್ಬಳ್ಳಿ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋ ದೊಡ್ಡವರೆಲ್ಲ ಕೊಡೋದು ಒಂದೇ ಚಾರ್ಜು. ವಿಮಾನದಲ್ಲಿ ಹಾಗಲ್ಲ. ಪಕ್ಕದವನು ಮೂರು ಸಾವಿರ ಕೊಟ್ಟಿರ್ತಾನೆ, ನೀವು ಒಂಬತ್ತು ಸಾವಿರ ಕೊಟ್ಟಿರ್ತೀರಿ. ಯಾಕೆ?

ವಿಮಾನದ ಸೀಟು ಸಂತೆಯ ಕೊತ್ತಂಬರಿ ಇದ್ದ ಹಾಗೆ. ಸಂಜೆ ಆದ ಮೇಲೆ ಅದಕ್ಕೆ ಬೆಲೆ ಇಲ್ಲ. ಬಾಗಿಲು ಮುಚ್ಚಿತು ಅಂದ್ರೆ ಖಾಲಿ ಸೀಟಿಂದ ಒಂದು ಪೈಸೆನೂ ಹುಟ್ಟೋದಿಲ್ಲ. ಆದರೆ ಇಂಧನ, ಪೈಲಟ್ ಸಂಬಳ, ವಿಮಾನದ ಬಾಡಿಗೆ ಎಲ್ಲ ಖರ್ಚಾಗಿಯೇ ಆಗ್ತದೆ. ಅದಕ್ಕೇ ಕಂಪನಿಗಳು 78 ಸೀಟಿದ್ದರೆ ಅದನ್ನ ಮೆಟ್ಟಿಲು ಮೆಟ್ಟಿಲಾಗಿ ಮಾರ್ತವೆ. ಮೊದಲ ಕೆಲವು ಅಗ್ಗ, ಆಮೇಲಿನವು ತುಟ್ಟಿ, ಕೊನೇ ಗಳಿಗೆಯವು ಭಾರಿ ತುಟ್ಟಿ. ಕೊನೇ ಗಳಿಗೆಯಲ್ಲಿ ಬರೋನಿಗೆ ಬೇರೆ ದಾರಿ ಇಲ್ಲ ಅಂತ ಅವರಿಗೆ ಗೊತ್ತು. ಆದರೆ ಅದೇ ಹೊತ್ತಿಗೆ ಅದೇ ಊರಿಗೆ ಇನ್ನೊಂದು ಕಂಪನಿಯ ವಿಮಾನ ಇದ್ದರೆ? ಮೇಲಿನ ಮೆಟ್ಟಿಲು ತಾನಾಗಿ ಕೆಳಗಿಳೀತದೆ. ರೇಟು ಇಡೋದು ಖರ್ಚಲ್ಲ ಸ್ವಾಮಿ, ಪಕ್ಕದ ಅಂಗಡಿ!

ಇದನ್ನ ನಮ್ಮ ನಾಡಿನಲ್ಲಿ ಮೊದಲು ತೋರಿಸಿಕೊಟ್ಟವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಸೈನ್ಯದಿಂದ ಬಂದು ರೇಷ್ಮೆ ಬೆಳೆದವರು, ಹೆಲಿಕಾಪ್ಟರ್ ಕಂಪನಿ ನಡೆಸಿದವರು. ಸೂರ್ಯ ಅಭಿನಯದ ‘ಸೂರರೈ ಪೋಟ್ರು’ ನೋಡಿದವರಿಗೆ ಕಥೆ ಅರ್ಧ ಗೊತ್ತಿರ್ತದೆ. ಉಳಿದರ್ಧವೇ ಮುಖ್ಯ. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರುವಾಯ್ತು. ಅದರ ಆರಂಭದ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿ ಕೂಡ ಇತ್ತು ಅನ್ನೋದನ್ನ ಗದಗ–ಧಾರವಾಡದ ಜನ ಹೆಮ್ಮೆಯಿಂದ ಹೇಳಬಹುದು. 48 ಸೀಟಿನ ಎಟಿಆರ್ ವಿಮಾನ. ಪುಕ್ಕಟೆ ಊಟ ಇಲ್ಲ. ಟಿಕೆಟ್ ಇಂಟರ್ನೆಟ್‌ನಲ್ಲಿ, ಕಾಲ್ ಸೆಂಟರ್‌ನಲ್ಲಿ. ವಿಮಾನ ನೆಲದ ಮೇಲೆ ನಿಂತಷ್ಟೂ ನಷ್ಟ, ಆದ್ದರಿಂದ ಇಳಿದ ಕೂಡಲೇ ಮತ್ತೆ ಹಾರಬೇಕು. ಒಂದು ರೂಪಾಯಿಗೆ ಟಿಕೆಟ್ ಅಂತ ಸುದ್ದಿಯಾಯ್ತಲ್ಲ, ಅದೂ ಮೆಟ್ಟಿಲಿನ ಲೆಕ್ಕವೇ. ಕೆಲವೇ ಸೀಟು ಒಂದು ರೂಪಾಯಿಗೆ, ಉಳಿದವು ಮೇಲೆ ಮೇಲೆ. ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೇ ಅವರ ಗುರುತು. ಡೆಕ್ಕನ್ ಬಂದ ಮೇಲೆ ದೊಡ್ಡ ಕಂಪನಿಗಳೂ ರೇಟು ಇಳಿಸಲೇಬೇಕಾಯ್ತು.

ಆದರೆ ದಾರಿ ತೆರೆದವನೇ ಆ ದಾರಿಯಲ್ಲಿ ಉಳೀತಾನೆ ಅಂತೇನಿಲ್ಲ. ಡೆಕ್ಕನ್ ಬಹಳ ಬೇಗ ಬೆಳೆಯಿತು. ಸಣ್ಣ ಎಟಿಆರ್ ಜೊತೆಗೆ ದೊಡ್ಡ ಏರ್‌ಬಸ್ ಕೂಡ ತಂದಿತು. ಎರಡು ಥರದ ವಿಮಾನ ಅಂದ್ರೆ ಎರಡು ಥರದ ಪೈಲಟ್, ಎರಡು ಥರದ ಬಿಡಿಭಾಗ. ನಷ್ಟ ಏರುತ್ತಲೇ ಹೋಯ್ತು. 2007ರಲ್ಲಿ ವಿಜಯ್ ಮಲ್ಯ 550 ಕೋಟಿ ಕೊಟ್ಟು ಶೇಕಡಾ 26 ಪಾಲು ಕೊಂಡರು. ಮಲ್ಯ ಅವರಿಗೆ ಡೆಕ್ಕನ್ ಯಾಕೆ ಬೇಕಾಗಿತ್ತು? ವಿದೇಶಕ್ಕೆ ಹಾರಬೇಕಾದರೆ ಐದು ವರ್ಷದ ಅನುಭವ, ಇಪ್ಪತ್ತು ವಿಮಾನ ಇರಬೇಕು ಅನ್ನೋ ನಿಯಮ ಆಗಿತ್ತು. ಕಿಂಗ್‌ಫಿಶರ್ ಶುರುವಾಗಿದ್ದೇ 2005ರಲ್ಲಿ. 2003ರ ಡೆಕ್ಕನ್ ಕೈಗೆ ಬಂದರೆ ಎರಡು ವರ್ಷ ಉಳೀತದೆ. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ಹಾರಿಯೇಬಿಟ್ಟರು!

ಶ್ರೀಸಾಮಾನ್ಯನ ಕಂಪನಿ ‘ಕಿಂಗ್‌ಫಿಶರ್ ರೆಡ್’ ಆಯ್ತು. ಒಂದೇ ಮನೆಯಲ್ಲಿ ಐಷಾರಾಮಿ ಹೋಟೆಲ್ಲೂ, ಖಾನಾವಳಿಯೂ! ಯಾವ ಗಿರಾಕಿ ಎಲ್ಲಿ ಕೂರಬೇಕು ಅನ್ನೋದೇ ಗೊಂದಲ. 2011ರಲ್ಲಿ ಅಗ್ಗದ ವಿಮಾನದ ವ್ಯವಹಾರವೇ ಬೇಡ ಅಂತ ಮಲ್ಯ ಘೋಷಿಸಿದರು. 2012ರ ಅಕ್ಟೋಬರ್‌ನಲ್ಲಿ ಇಡೀ ಕಿಂಗ್‌ಫಿಶರ್ ನಿಂತಿತು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಬೀದಿಗೆ ಬಂದರು, ಬ್ಯಾಂಕುಗಳ ಸಾಲ ಹಾಗೇ ಉಳೀತು, 2016ರ ಮಾರ್ಚ್‌ನಲ್ಲಿ ಮಾಲೀಕರು ಲಂಡನ್ ಸೇರಿದರು. ಇದರ ಬಗ್ಗೆ ನಾವು ಸ್ಟುಡಿಯೋದಲ್ಲಿ ಕೂಗಾಡಿದ್ದು ಸಾಕಷ್ಟಾಯ್ತು, ಇಲ್ಲಿ ಬೇಡ.

ಇದೇ ಹೊತ್ತಿಗೆ 2006ರಲ್ಲಿ ಬಂದ ಇಂಡಿಗೋ ಸದ್ದಿಲ್ಲದೆ ಒಂದು ಕೆಲಸ ಮಾಡ್ತು. ಹಾರುವ ಮೊದಲೇ ನೂರು ಏರ್‌ಬಸ್‌ಗೆ ಒಟ್ಟಿಗೆ ಆರ್ಡರ್ ಕೊಡ್ತು, ಎಲ್ಲವೂ ಎ320 ಜಾತಿಯವೇ. ಸಗಟಿನಲ್ಲಿ ಕೊಂಡರೆ ರೇಟು ಕಡಿಮೆ. ಹಾಗೆ ಕೊಂಡ ವಿಮಾನವನ್ನ ಬಾಡಿಗೆ ಕಂಪನಿಗೆ ಮಾರಿ, ಅದನ್ನೇ ಬಾಡಿಗೆಗೆ ತಗೊಂಡು, ಕೆಲವು ವರ್ಷದ ಮೇಲೆ ವಾಪಸ್ ಕೊಟ್ಟು ಹೊಸದು ತರೋದು. ದುಡ್ಡು ಕೈಯಲ್ಲೇ ಇರ್ತದೆ, ವಿಮಾನಗಳು ಹೊಸದಾಗೇ ಇರ್ತವೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಜಾತಿಯ ವಿಮಾನ ಇಟ್ಟುಕೊಂಡು, ಕಾಲು ಗಟ್ಟಿಯಾದ ಮೇಲೆ ಅಂದ್ರೆ 2017ರ ಕೊನೆಗೆ ಎಟಿಆರ್ ತಂದರು. ಡೆಕ್ಕನ್ ಶುರುಮಾಡಿದ ಜಾಗಕ್ಕೆ ಇಂಡಿಗೋ ಕೊನೆಗೆ ಬಂತು. ಇದು ಜಾಣತನ, ಇದರಲ್ಲಿ ಮೋಸ ಇಲ್ಲ. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್ ಬಿದ್ದಾಗ ಅವರ ಗಿರಾಕಿಗಳೂ ಹೆಚ್ಚಾಗಿ ಇಂಡಿಗೋ ಪಾಲಾದರು.

ಸಣ್ಣ ಊರುಗಳಿಗೆ ವಿಮಾನ ತರಲು ಸರ್ಕಾರ ‘ಉಡಾನ್’ ಯೋಜನೆ ತಂದಿತು. ಮೂರು ವರ್ಷ ನಷ್ಟ ತುಂಬಿಕೊಡ್ತೀವಿ, ಆ ಮಾರ್ಗದಲ್ಲಿ ನೀವೊಬ್ಬರೇ ಇರಿ ಅಂತ. 2019ರ ಜನವರಿ 25ರಂದು ಸ್ಟಾರ್ ಏರ್ ತನ್ನ 50 ಸೀಟಿನ ಎಂಬ್ರೇಯರ್ ವಿಮಾನದಲ್ಲಿ ಮೊದಲ ಹಾರಾಟ ನಡೆಸಿದ್ದು ಬೆಂಗಳೂರಿನಿಂದ ನಮ್ಮ ಹುಬ್ಬಳ್ಳಿಗೇ. ಆದರೆ ಯೋಜನೆಯ ಒಟ್ಟು ಫಲ ನೋಡಿ. 2023ರ ಸಿಎಜಿ ವರದಿ ಹೇಳೋ ಪ್ರಕಾರ 774 ಮಾರ್ಗ ಹಂಚಿಕೆಯಾದವು, ಹಾರಿದ್ದು 371, ಮೂರು ವರ್ಷದ ನೆರವು ಮುಗಿದ ಮೇಲೂ ಉಳಿದದ್ದು 54. ನೆರವು ನಿಂತ ದಿನ ಸಣ್ಣ ಕಂಪನಿಗೆ ಪೂರ್ತಿ ಖರ್ಚು ತಲೆಮೇಲೆ ಬೀಳ್ತದೆ. ವಿಮಾನದ ಇಂಧನ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ, ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ. ವಿಮಾನದ ಬಾಡಿಗೆ ಡಾಲರ್‌ನಲ್ಲಿ. ನೂರಾರು ವಿಮಾನ ಇರೋ ಕಂಪನಿ ಒಂದು ಮಾರ್ಗದ ನಷ್ಟವನ್ನ ಇನ್ನೊಂದರ ಲಾಭದಲ್ಲಿ ನುಂಗಿಕೊಳ್ತದೆ. ಹತ್ತು ವಿಮಾನದವನು ಎಲ್ಲಿಂದ ತರಬೇಕು?

ಹಾಗಾದ್ರೆ ಹುಬ್ಬಳ್ಳಿಯ ಪ್ರಯಾಣಿಕನಿಗೆ ಪಕ್ಕದ ಅಂಗಡಿ ಎಲ್ಲಿದೆ? ಬೆಂಗಳೂರಿನ ಮಟ್ಟಿಗೆ ಅದು ರೈಲು ನಿಲ್ದಾಣದಲ್ಲಿದೆ ಅಂತ ನನ್ನ ಲೆಕ್ಕ. 2023ರ ಜೂನ್‌ನಿಂದ ವಂದೇ ಭಾರತ್ ಓಡ್ತಿದೆ, ಹುಬ್ಬಳ್ಳಿ–ಬೆಂಗಳೂರು ಸುಮಾರು ಆರು ಗಂಟೆ. ರಾತ್ರಿ ರೈಲು, ಸ್ಲೀಪರ್ ಬಸ್ ಇವೆ. ಮಲ್ಲಸಮುದ್ರದಿಂದ ಹೊರಟು, ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಒಂದೂವರೆ ಗಂಟೆ ಮೊದಲೇ ಕಾಯ್ದು, ದೇವನಹಳ್ಳಿಯಲ್ಲಿ ಇಳಿದು ಊರೊಳಗೆ ಹೋಗೋ ಹೊತ್ತಿಗೆ ವಿಮಾನದವನಿಗೂ ಏಳು ಗಂಟೆ ಹಿಡೀಬಹುದು. ಹಾಗಾಗಿ ಈ ಮಾರ್ಗದಲ್ಲಿ ಕಂಪನಿ ಮನಸ್ಸಿಗೆ ಬಂದಷ್ಟು ರೇಟು ಏರಿಸೋಕೆ ಆಗೋದಿಲ್ಲ. ದೆಹಲಿಯಂಥ ದೂರದ ಊರಿನ ಮಾತು ಬೇರೆ. ಅಲ್ಲಿ ರೈಲು ಒಂದೂವರೆ ದಿನ ತಗೊಳ್ತದೆ. ತಂದೆಯ ಆರೋಗ್ಯ ಕೆಟ್ಟಿದೆ ಅಂತ ಫೋನ್ ಬಂದವನು ಮೊಬೈಲ್ ತೆಗೆದು ನೋಡಿದಾಗ ಕಾಣೋದು ಒಂದೇ ಕಂಪನಿಯ ಹೆಸರಾದರೆ, ಅದು ಕೇಳಿದಷ್ಟು ಕೊಡಬೇಕು.